ನಲವತ್ತೊಂದನೆಯ ಪುಟ

ನವೆಂಬರ್ 4, ಮಂಗಳವಾರ

ಇವತ್ತು ನನ್ನ ಮೇಜಿನ ಮೇಲೆ ನನ್ನದೇ ವಾಕ್ಯ ಬಂದು ಬಿದ್ದಿತು.

ಹನ್ನೊಂದರ ಹೊತ್ತಿಗೆ ಮಾಲೀಕರು ಒಂದು ಕಟ್ಟು ಪ್ರೂಫ್ ತಂದಿಟ್ಟು, "ಅವಸರದ್ದು. ಹಳೇ ಊರೊಂದರ ಬಗ್ಗೆ ಪುಸ್ತಕ, ಹೊಸ ಆವೃತ್ತಿ. ತಿಂಗಳ ಕೊನೆಗೆ ಅಚ್ಚಿಗೆ ಹೋಗ್ಬೇಕು" ಎಂದರು. ಈ ಅಚ್ಚುಕೂಟದಲ್ಲಿ ಕರಡು ತಿದ್ದುತ್ತ ಇಪ್ಪತ್ತೊಂದು ವರ್ಷವಾಯಿತು. ಪುಸ್ತಕ ಏನು ಹೇಳುತ್ತದೆ ಎಂದು ನೋಡುವ ಅಭ್ಯಾಸ ಎಂದೋ ಬಿಟ್ಟುಹೋಗಿದೆ. ಒತ್ತಕ್ಷರ ಸರಿಯಿದೆಯೇ, ದೀರ್ಘ ಬಿಟ್ಟಿದೆಯೇ, ಅಷ್ಟೇ ನೋಡುತ್ತೇನೆ. ಏಳನೆಯ ಪುಟದಲ್ಲಿ 'ಮೆಟ್ಟಲು' ಎಂದಿತ್ತು. 'ಮೆಟ್ಟಿಲು' ಎಂದು ತಿದ್ದಿದೆ. ಎಂಟರಲ್ಲಿ ಮತ್ತೆ 'ಮೆಟ್ಟಲು'. ಒಂಬತ್ತರಲ್ಲಿ ಮೂರು ಸಲ. ಯಾರಪ್ಪಾ ಈ ಹಟಮಾರಿ ಎಂದುಕೊಂಡು ಕೆಳಗಿನ ಸಾಲಿಗೆ ಬಂದೆ: 'ಸಂಜೆ ನಾಲ್ಕಕ್ಕೆ ಈ ಗೋಡೆಗೆ ಬೆನ್ನು ಕೊಟ್ಟು ನಿಂತರೆ, ಯಾರೋ ಹಿಂದಿನಿಂದ ಬಂದು ಹೆಗಲ ಮೇಲೆ ಬೆಚ್ಚನೆ ಕೈಯಿಟ್ಟಂತಾಗುತ್ತದೆ.'

ಆ ಸಾಲು ಬರೆದವಳು ನಾನು. ಇಪ್ಪತ್ತೆರಡು ವರ್ಷದ ಹಿಂದೆ, ಆ ಗೋಡೆಗೆ ಬೆನ್ನು ಕೊಟ್ಟು ನಿಂತೇ ಬರೆದದ್ದು. ಆಗ ನನಗೆ ಇಪ್ಪತ್ತು. ಮೆಟ್ಟಿಲನ್ನು ಮೆಟ್ಟಲು ಎಂದೇ ಬರೆಯುತ್ತಿದ್ದೆ.

ಮೊದಲ ಪುಟಕ್ಕೆ ತಿರುಗಿಸಿ ಲೇಖಕಿಯ ಹೆಸರು ನೋಡಿದೆ. ಗಿಣಿ!

ಹಾಸ್ಟೆಲಿನಲ್ಲಿ ಅವಳು ಗಿಣಿ, ಬಾಯಿ ಮುಚ್ಚುತ್ತಿರಲಿಲ್ಲವೆಂದು. ನಾನು ಇರುವೆ, ನನ್ನ ಅಕ್ಷರ ಸಣ್ಣದೆಂದು. ಒಂದು ಕೋಣೆ, ಎರಡು ಮಂಚ, ಒಂದು ಕಿಟಕಿ. ರಜೆ ಸಿಕ್ಕಾಗೆಲ್ಲ ಇಬ್ಬರೂ ಆ ಊರಿನ ಗಲ್ಲಿಗಲ್ಲಿ ಅಲೆದೆವು. ನಾನು ಎರಡು ದಪ್ಪ ನೋಟ್‌ಬುಕ್ ತುಂಬಿಸಿದೆ. ಕೊನೆಯ ವರ್ಷ ಅಪ್ಪ ಹಾಸಿಗೆ ಹಿಡಿದರು. ಉಟ್ಟ ಬಟ್ಟೆಯಲ್ಲೇ ಮನೆಗೆ ಓಡಿದೆ. ಮತ್ತೆ ಓದಲು ಹೋಗಲಾಗಲಿಲ್ಲ. ನನ್ನ ಪೆಟ್ಟಿಗೆಯನ್ನು ಗಿಣಿಯೇ ಕಳಿಸಿಕೊಟ್ಟಳು. ಹರಿದ ಚಪ್ಪಲಿ ಸಮೇತ ಎಲ್ಲ ಇತ್ತು, ಆ ಎರಡು ನೋಟ್‌ಬುಕ್ ಬಿಟ್ಟು. ಕೇಳಿ ಕಾಗದ ಬರೆದೆ. 'ಎಷ್ಟು ಹುಡುಕಿದರೂ ಸಿಗಲಿಲ್ಲ ಕಣೇ' ಎಂದು ಉತ್ತರ ಬಂತು.

ಸಿಕ್ಕಿದೆ. ಇನ್ನೂರ ಹದಿನಾರು ಪುಟ, ನಾಲ್ಕನೆಯ ಮುದ್ರಣ.

ನವೆಂಬರ್ 5, ಬುಧವಾರ

ಇಡೀ ದಿನ ಒಂದಕ್ಷರ ತಿದ್ದಲಿಲ್ಲ. ಮಾಲೀಕರು ಕೇಳಿದ್ದಕ್ಕೆ ಕಣ್ಣುರಿ ಎಂದೆ. ಸುಳ್ಳಲ್ಲ. ಉರಿಯುತ್ತಿರುವುದು ಕಣ್ಣೊಂದೇ ಅಲ್ಲ, ಅಷ್ಟೆ.

ಪ್ರೂಫ್ ನನ್ನ ಕೈಯಲ್ಲಿದೆ. ಹತ್ತು ಇಸವಿ ಹಿಂದುಮುಂದು ಮಾಡಿದರೆ ಸಾಕು, ಓದಿದವರೆಲ್ಲ ಅವಳ ಮುಖಕ್ಕೆ ನಗುತ್ತಾರೆ. ಪೆನ್ನು ಎತ್ತಿದೆ. ಆದರೆ ಸಾಲುಗಳು ನನ್ನವು. ನಾನು ಹೆತ್ತದ್ದಕ್ಕೆ ನಾನೇ ವಿಷ ಹಾಕಲೇ? ಬೇರೆ ದಾರಿ ಹುಡುಕಬೇಕು.

ನವೆಂಬರ್ 9, ಭಾನುವಾರ

ಗಿಣಿ ಫೋನ್ ಮಾಡಿದಳು. ವರ್ಷಕ್ಕೆರಡು ಸಲ ಮಾಡುತ್ತಾಳೆ, ಬಾರೇ ಬಾರೇ ಎನ್ನುತ್ತಾಳೆ, ನಾನು ಏನೋ ನೆಪ ಹೇಳುತ್ತೇನೆ.

"ಕೆಲಸ ಹೇಗಿದೆಯೇ? ಹೊಸ ಪುಸ್ತಕ ಏನಾದ್ರೂ ಬಂತಾ?"

"ಏನು ಬರುತ್ತೆ, ಶಾಲೆ ಪುಸ್ತಕ. ಗುಣಾಕಾರ, ಭಾಗಾಕಾರ."

"ಅಷ್ಟೇನಾ?"

"ಅಷ್ಟೇ."

ಅದೇ ಪ್ರಶ್ನೆಯನ್ನು ಇನ್ನೊಂದು ಸಲ ತಿರುಗಿಸಿ ಕೇಳಿದಳು. ಆಮೇಲೆ, "ಈ ವಾರದ ಕೊನೆಗೆ ಬಂದು ಎರಡು ದಿನ ಇದ್ದು ಹೋಗೇ. ಭಾನುವಾರ ಬೆಳಿಗ್ಗೆ ನಾನು ಜನರಿಗೆ ಊರು ತೋರಿಸ್ತೀನಲ್ಲ, ನೀನೂ ಬರುವೆಯಂತೆ. ಪ್ರತಿ ವಾರ ಇಪ್ಪತ್ತು ಮೂವತ್ತು ಜನ ಇರ್ತಾರೆ" ಎಂದಳು.

ಮೂವತ್ತು ಜನರ ಮುಂದೆ! "ಬರ್ತೀನಿ" ಎಂದುಬಿಟ್ಟೆ.

ಅತ್ತಿಗೆಗೆ ನಂಬಲಾಗಲಿಲ್ಲ. "ನೀನು? ಗೆಳತಿ ಮನೆಗೆ? ಎರಡು ದಿನ?" ಎಂದು ತಮ್ಮ ಒಳ್ಳೆಯ ಶಾಲನ್ನೇ ತೆಗೆದುಕೊಟ್ಟರು. "ಖುಷಿಯಾಗಿದ್ದು ಬಾ." ಇರುತ್ತೇನೆ ಅತ್ತಿಗೆ. ಅವಳಿಗೆ ನೀರು ಕುಡಿಸಿದ ಮೇಲೆ ಖಂಡಿತ ಇರುತ್ತೇನೆ.

ನವೆಂಬರ್ 12, ಬುಧವಾರ

ನಲವತ್ತೊಂದನೆಯ ಪುಟ ಸಿಕ್ಕಿತು. ಸಿಕ್ಕಿತು ಎಂದರೆ ಆಯುಧ ಸಿಕ್ಕಿತು.

ಆ ಊರಿನ ಕಾವಲು ಗೋಪುರದ ತುದಿಯಲ್ಲಿ ಒಂದು ಗಿಡ್ಡ ಬಾಗಿಲಿದೆ. ಯಾರೇ ಆಗಲಿ ತಲೆ ತಗ್ಗಿಸದೆ ಒಳಗೆ ಕಾಲಿಡುವಂತಿಲ್ಲ. ಪುಸ್ತಕದಲ್ಲಿ ಅದರ ಕಥೆ ಹೀಗಿದೆ: ಒಬ್ಬ ಸೇನಾಪತಿ ಕಲ್ಲುಕುಟಿಗನ ಹೆಂಡತಿಯನ್ನು ಎಲ್ಲರೆದುರು ಅವಮಾನಿಸಿದ. ಕಲ್ಲುಕುಟಿಗ ತುಟಿ ಬಿಚ್ಚಲಿಲ್ಲ. ಬಾಗಿಲನ್ನು ಹೆಂಡತಿಯ ಹೆಗಲಿನೆತ್ತರಕ್ಕೆ ಕಟ್ಟಿಬಿಟ್ಟ. ಸೇನಾಪತಿ ಬದುಕಿರುವ ತನಕ ದಿನಕ್ಕೆರಡು ಸಲ ಅಲ್ಲಿ ತಲೆ ತಗ್ಗಿಸಿದ.

ಇದಕ್ಕೆ ಕಲ್ಲಿನ ಮೇಲಿನ ಸಾಕ್ಷಿಯೂ ಇಲ್ಲ, ಕಾಗದದ ಸಾಕ್ಷಿಯೂ ಇಲ್ಲ. ಹಾಸ್ಟೆಲಿನಲ್ಲಿ ಒಂದು ಮಧ್ಯಾಹ್ನ, ಹೊಟ್ಟೆ ಚುರುಗುಟ್ಟುತ್ತಿದ್ದಾಗ, ಊಟದ ಗಂಟೆ ಹೊಡೆಯುವವರೆಗೆ ಹೊತ್ತು ಹೋಗಲೆಂದು ನಾನೇ ಕಟ್ಟಿ ಬರೆದದ್ದು. ಗಿಣಿ ಅದನ್ನು ಇತಿಹಾಸವೆಂದು ಅಚ್ಚು ಹಾಕಿಸಿದ್ದಾಳೆ. ವಾರವಾರ ಜನರಿಗೆ ಹೇಳುತ್ತಲೂ ಇದ್ದಾಳಂತೆ.

ಆ ಬಾಗಿಲಿನಲ್ಲೇ ಅವಳ ತಲೆ ತಗ್ಗಿಸುತ್ತೇನೆ.

ನವೆಂಬರ್ 14, ಶುಕ್ರವಾರ

ಬಂದಿಳಿದೆ. ಸ್ಟೇಷನ್ನಿಗೆ ಗಂಡಹೆಂಡತಿ ಇಬ್ಬರೂ ಬಂದಿದ್ದರು. ಗಂಡ ದಂತವೈದ್ಯ, ಮಾತು ಕಡಿಮೆ. ಕೆಳಗೆ ಅವನ ಕ್ಲಿನಿಕ್ಕು, ಮೇಲೆ ಮನೆ. ಗಿಣಿ ದಪ್ಪಗಾಗಿದ್ದಾಳೆ, ಕನ್ನಡಕ ಬಂದಿದೆ. ಬಾಯಿ ಮಾತ್ರ ಹಾಗೇ ಇದೆ. ನನಗೆಂದು ಕಿಟಕಿ ಪಕ್ಕದ ಕೋಣೆ, ಹೊಸ ಹೊದಿಕೆ, ಮೇಜಿನ ಮೇಲೆ ಹೂವು. ಬೆಣ್ಣೆ ಹಚ್ಚುತ್ತಿದ್ದಾಳೆ.

ಪುಸ್ತಕದ ಕಪಾಟಿನ ಮೇಲೆಲ್ಲ ಕಣ್ಣಾಡಿಸಿದೆ. ಅವಳ ಪುಸ್ತಕದ ಒಂದು ಪ್ರತಿಯೂ ಇಲ್ಲ. ನಾನು ಬರುತ್ತೇನೆಂದು ಬಚ್ಚಿಟ್ಟಿದ್ದಾಳೆ, ಕಳ್ಳಿ.

"ನೀನು ಏನಾದ್ರೂ ಬರೀತೀಯೇನೇ ಈಗ?" ಎಂದು ಕೇಳಿದಳು.

"ನಾನ್ಯಾಕೆ ಬರೀಲಿ? ಬರೆಯೋರು ಬೇರೆ ಇದ್ದಾರಲ್ಲ" ಎಂದೆ.

ನನ್ನ ಚಹಾಕ್ಕೆ ಎರಡನೇ ಸಲ ಸಕ್ಕರೆ ಹಾಕಿದಳು. ಆಹಾ! ಇನ್ನೆರಡು ದಿನ ಹೀಗೆ ಚುಚ್ಚುತ್ತಲೇ ಇರುತ್ತೇನೆ.

ನವೆಂಬರ್ 15, ಶನಿವಾರ

ಬೆಳಿಗ್ಗೆ ತಿಂಡಿ ತಿನ್ನುವಾಗ ದವಡೆಯ ಹಲ್ಲೊಂದು ಕಟ್ ಎಂದಿತು. ಹಳೆಯ ಸಿಮೆಂಟು ಉದುರಿ ತಟ್ಟೆಗೆ ಬಿತ್ತು. ನೋವು ಕಿವಿಯವರೆಗೆ ಏರಿತು. ಮನೆಯಲ್ಲೇ ದಂತವೈದ್ಯ ಇರುವಾಗ ಬೇಡ ಎನ್ನುವುದು ಹೇಗೆ? ಕೆಳಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಮಲಗಿಸಿ, ದೀಪ ಮುಖಕ್ಕೆ ತಿರುಗಿಸಿದ.

"ನಿದ್ದೇಲಿ ಹಲ್ಲು ಕಡೀತೀರಾ?"

"ಆಂ."

"ಇತ್ತೀಚೆಗೆ ಶುರುವಾಗಿದ್ದು. ಹೊಸದಾಗಿ ಸವೆದಿದೆ."

ಯಾರ ಮೇಲೆ ಹಲ್ಲು ಮಸೆಯುತ್ತಿದ್ದೇನೋ ಅವಳ ಗಂಡನ ಕೈಯಲ್ಲೇ ರಿಪೇರಿ! ಬಾಯಿ ತುಂಬ ಹತ್ತಿ ತುರುಕಿ, ಔಷಧಿ ಕಲಸುತ್ತ, ನನ್ನ ಮುಖ ನೋಡದೆ ಮಾತು ಶುರು ಮಾಡಿದ.

"ನೀವು ಮಧ್ಯೆ ಬಾಯಿ ಹಾಕೋಕಾಗದ ಸಮಯ ನೋಡ್ಕೊಂಡು ಹೇಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಆ ಪುಸ್ತಕ ನಿಮ್ಮದು ಅಂತ ನನಗೆ ಗೊತ್ತು. ಮದುವೆಯಾದ ವರ್ಷವೇ ಹೇಳಿದ್ಲು. ಒಂದೊಂದು ಮುದ್ರಣ ಆದಾಗ್ಲೂ ನಿಮಗೆ ಕಾಗದ ಬರೀತಾಳೆ, ಹರಿದು ಹಾಕ್ತಾಳೆ. ಈ ಸಲ ಪ್ರಕಾಶಕರ ಹತ್ರ ಹಟ ಹಿಡಿದು ನಿಮ್ಮ ಅಚ್ಚುಕೂಟಕ್ಕೇ ಕೊಡಿಸಿದ್ಲು, ನಿಮ್ಮ ಕಣ್ಣಿಗೆ ಬೀಳ್ಲಿ ಅಂತ. ಎದುರು ನಿಂತು ಹೇಳೋ ಧೈರ್ಯ ಇಲ್ಲ ಅವಳಿಗೆ. ನಾಳೆ ಜನರನ್ನ ಕಳಿಸಿದ ಮೇಲೆ ಹೇಳ್ತೀನಿ ಅಂದಿದ್ದಾಳೆ. ಈಗ ಕಚ್ಚಿ. ಮೆಲ್ಲಗೆ."

ಕಚ್ಚಿದೆ. ಮೆಲ್ಲಗೆ ಕಚ್ಚಿದೆನೋ ಇಲ್ಲವೋ ಗೊತ್ತಿಲ್ಲ.

ಮೈಯೆಲ್ಲ ಉರಿದುಹೋಯಿತು. ನಾನು ಕಂಡುಹಿಡಿದೆ ಎಂದುಕೊಂಡದ್ದನ್ನು ಅವಳೇ ತಂದು ನನ್ನ ಮೇಜಿನ ಮೇಲೆ ಇಡಿಸಿದ್ದಾಳೆ. ನನ್ನ ಸೇಡಿಗೂ ಅವಳೇ ಸೀಟು ಕಾದಿರಿಸಿದ್ದಾಳೆ! ನಾಳೆ ಕಣ್ಣೀರು ಹಾಕಿ ಕ್ಷಮೆ ಕೇಳಿಬಿಟ್ಟರೆ ನನ್ನ ಕೈಯಲ್ಲಿ ಉಳಿಯುವುದೇನು? ಇಲ್ಲ. ಅವಳು ಬಾಯಿ ತೆರೆಯುವ ಮೊದಲು ನಾನು ತೆರೆಯಬೇಕು.

ಮಧ್ಯಾಹ್ನ ಊರು ನೋಡಲು ಹೊರಟೆವು. ಸೇತುವೆಯ ಮೇಲೆ ಅವಳು, "ಇರುವೆ, ನಿನ್ನ ಹತ್ರ ಒಂದು ಮಾತು..." ಎಂದಳು. "ಅಯ್ಯೋ ನೋಡೇ, ನದಿ ಎಷ್ಟು ಇಳಿದಿದೆ!" ಎಂದೆ. ಗಡಿಯಾರದ ಚೌಕದಲ್ಲಿ ಮತ್ತೆ ಶುರು ಮಾಡಿದಳು. ನನಗೆ ಕೂಡಲೇ ಬಾಯಾರಿಕೆಯಾಯಿತು. ಹಳೆಯ ಗೋಡೆಯ ಹತ್ತಿರ ನನ್ನ ತೋಳನ್ನೇ ಹಿಡಿದಳು. ನಾನು ಹಲ್ಲುನೋವೆಂದು ಕೆನ್ನೆ ಹಿಡಿದೆ. ಅಷ್ಟು ಮಾತಿನ ಮಲ್ಲಿ ಒಂದು ವಾಕ್ಯ ಮುಗಿಸಲಾರದೆ ಒದ್ದಾಡುವುದನ್ನು ನೋಡುವುದೇ ಒಂದು ಸುಖ.

ಗೋಪುರದ ಬೀಗದ ಕೈ ಈಗಲೂ ನಮ್ಮ ಹಾಸ್ಟೆಲ್ ದಿನಗಳ ಅದೇ ಅಜ್ಜಿಯ ಹತ್ತಿರ ಇದೆ. ಗಿಣಿಯನ್ನು ಕಂಡದ್ದೇ ಎರಡೂ ಕೆನ್ನೆ ಸವರಿ, ಸೊಸೆಯ ಹೆರಿಗೆ, ಮಗನ ಸಿಟ್ಟು, ತನ್ನ ಮೊಣಕಾಲು ಎಲ್ಲ ಒಪ್ಪಿಸಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ಇವಳು? ಓ, ಗೊತ್ತಾಯ್ತು. ಹಿಂದೆ ನಿಂತು ಬರ್ಕೊಳ್ತಿದ್ದ ಹುಡುಗಿ. ಒಂದು ಮಾತೂ ಆಡ್ತಿರಲಿಲ್ಲ ಕಣಮ್ಮ ನೀನು. ಪಾಪ, ಮೂಗಿ ಅಂದ್ಕೊಂಡಿದ್ವಿ ನಾವೆಲ್ಲ."

ಮುದುಕಿಗೆ ಅರಳುಮರಳು.

ನವೆಂಬರ್ 16, ಭಾನುವಾರ (ರೈಲಿನಲ್ಲಿ)

ಅಕ್ಷರ ಅಲುಗಾಡುತ್ತಿದೆ. ಆದರೂ ಬಿಸಿಬಿಸಿಯಾಗಿ ಬರೆದಿಡಬೇಕು.

ಬೆಳಿಗ್ಗೆ ಎಂಟಕ್ಕೆ ಇಪ್ಪತ್ತಾರು ಜನ ಸೇರಿದರು. ವಯಸ್ಸಾದ ದಂಪತಿ, ಟೋಪಿ ಹಾಕಿದ ಒಬ್ಬ ಮೇಷ್ಟ್ರು, ಅಮ್ಮನ ಕೈ ಹಿಡಿದ ಜಡೆಯ ಹುಡುಗಿ ಒಬ್ಬಳು, ಮಿಕ್ಕವರೆಲ್ಲ ಕ್ಯಾಮೆರಾದವರು. ಗಿಣಿ ಚೆನ್ನಾಗಿ ಹೇಳುತ್ತಾಳೆ. ವೈರಿಯಾದರೂ ಒಪ್ಪಬೇಕು. ಜನರನ್ನು ಕಣ್ಣಲ್ಲೇ ಹಿಡಿದಿಡುತ್ತಾಳೆ. ನಾನು ಕೊನೆಯಲ್ಲಿ ನಿಂತು ನನ್ನ ವಾಕ್ಯಗಳು ಒಂದೊಂದಾಗಿ ಅವಳ ಬಾಯಿಂದ ಬರುವುದನ್ನು ಕೇಳಿದೆ.

ಗೋಪುರ ಹತ್ತಿದೆವು. ಗಿಡ್ಡ ಬಾಗಿಲ ಮುಂದೆ ನಿಂತು ಅವಳು ಕಲ್ಲುಕುಟಿಗನ ಕಥೆ ಹೇಳಿದಳು. ಹೇಳಿ ಮುಗಿಸುವಾಗ ಅವಳ ದನಿ ಒದ್ದೆಯಾಯಿತು. ನೂರು ಸಲ ಹೇಳಿರಬೇಕು, ಆದರೂ! ಹಿರಿಯ ದಂಪತಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಜಡೆಯ ಹುಡುಗಿ ಕತ್ತೆತ್ತಿ ಬಾಗಿಲ ಮೇಲಿನ ಕಲ್ಲನ್ನು ಸವರಿದಳು.

"ಅದು ಸುಳ್ಳು" ಎಂದೆ.

ಎಲ್ಲರೂ ತಿರುಗಿದರು. ಅಷ್ಟು ಜನರ ಮುಂದೆ ನಾನು ಬದುಕಿನಲ್ಲಿ ಬಾಯಿ ತೆರೆದವಳಲ್ಲ. ಆದರೂ ದನಿ ಗಟ್ಟಿಯಾಗಿಯೇ ಬಂತು.

"ಕಲ್ಲುಕುಟಿಗನೂ ಇಲ್ಲ, ಹೆಂಡತಿಯೂ ಇಲ್ಲ. ಹಾಸ್ಟೆಲಲ್ಲಿ ಹಸಿವಾದಾಗ ನಾನು ಕಟ್ಟಿದ ಕಥೆ. ಇವರ ಪುಸ್ತಕದಲ್ಲಿ ನಲವತ್ತೊಂದನೇ ಪುಟ. ಆ ಪುಟ ಅಷ್ಟೇ ಅಲ್ಲ, ಇಡೀ ಪುಸ್ತಕ ನನ್ನ ನೋಟ್‌ಬುಕ್ಕಿಂದ ಕದ್ದಿದ್ದು. ಬೇಕಾದ್ರೆ ಇವರನ್ನೇ ಕೇಳಿ."

ಕ್ಯಾಮೆರಾಗಳೆಲ್ಲ ಕೆಳಗಿಳಿದವು. ಗಿಣಿ ಕನ್ನಡಕ ತೆಗೆದಳು. ಕೂಗಾಡಲಿ, ಅಲ್ಲವೆನ್ನಲಿ ಎಂದು ನಾನು ಕಾಯುತ್ತಿದ್ದೆ. ಅದಕ್ಕೂ ಉತ್ತರ ಸಿದ್ಧವಿತ್ತು.

"ಹೌದು" ಎಂದಳು. "ಪುಸ್ತಕ ಇವಳದ್ದು. ನೋಟ್‌ಬುಕ್ ನನ್ನ ಹತ್ರ ಇಟ್ಕೊಂಡು ಸಿಗಲಿಲ್ಲ ಅಂತ ಸುಳ್ಳು ಬರೆದೆ." ಆಮೇಲೆ ನನ್ನ ಕಡೆ ನೋಡಿ, ನನಗೊಬ್ಬಳಿಗೇ ಎನ್ನುವಂತೆ, "ಆದ್ರೆ ಈ ಕಥೆ ಕಟ್ಟಿದ್ದು ಅಂತ ನಂಗೆ ಗೊತ್ತಿರಲಿಲ್ಲ ಕಣೇ. ಇಷ್ಟು ವರ್ಷ ನಂಬಿದ್ದೆ" ಎಂದಳು.

ಅತ್ತಿಗೆಯ ಶಾಲನ್ನು ಹೆಗಲಿಗೆ ಎಳೆದುಕೊಂಡೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಈ ಬಾಗಿಲು ಯಾಕಮ್ಮ ಇಷ್ಟು ಗಿಡ್ಡ?"

"ಬಾಗಿಲು ಗಿಡ್ಡ ಅಲ್ಲ ಸಾರ್, ನೆಲ ಎತ್ತರ. ಚಾವಣಿ ಸೋರಿ ಕೆಳಗಿನ ಕೋಣೆ ಹಾಳಾದಾಗ, ಹಳೇ ನೆಲದ ಮೇಲೇ ಇನ್ನೊಂದು ಪದರ ಕಲ್ಲು ಹಾಸಿದ್ರು. ನಂಬಿಕೆ ಇಲ್ಲದಿದ್ರೆ ಕೊನೇ ಮೆಟ್ಟಿಲು ನೋಡಿ, ಮಿಕ್ಕವುಕ್ಕಿಂತ ಎರಡರಷ್ಟು ಎತ್ತರ ಇದೆ."

ಎಲ್ಲರೂ ಮೆಟ್ಟಿಲು ನೋಡಲು ಮುಗಿಬಿದ್ದರು. ಜಡೆಯ ಹುಡುಗಿ ಗೇಣು ಹಾಕಿ ಅಳೆದು, "ಹೌದಮ್ಮಾ!" ಎಂದು ಕೂಗಿದಳು. ಮೇಷ್ಟ್ರು, "ಮುಂದಿನದ್ದೂ ನೀವೇ ಹೇಳಿ" ಎಂದರು. ಗಿಣಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಹೇಳಿದೆ. ಎರಡು ಗಂಟೆ! ಗೋಡೆಯ ದಪ್ಪ, ನೀರು ಹರಿಯುವ ಕಿಂಡಿಗಳು, ಸುಟ್ಟ ಬಾಗಿಲಿನ ಕಪ್ಪು ಕಲ್ಲು, ಒಂದೂ ಮರೆತಿರಲಿಲ್ಲ. ಗಿಣಿ ಎಲ್ಲರ ಹಿಂದೆ ನೀರಿನ ಬಾಟಲಿಗಳ ಚೀಲ ಹೊತ್ತು ಬರುತ್ತಿದ್ದಳು. ಅದನ್ನು ನೋಡಿದಾಗೆಲ್ಲ ನನ್ನ ದನಿ ಏರುತ್ತಿತ್ತು. ನೇಕಾರರ ಗಲ್ಲಿಯಲ್ಲಿ ಮಾತ್ರ, "ಈ ಮನೇಲಿ ಯಾರಿದ್ರು?" ಎಂದು ಯಾರೋ ಕೇಳಿದರು. ಕಿಟಕಿಯ ಅಳತೆ ನೆನಪಿತ್ತು, ಜನ ನೆನಪಾಗಲಿಲ್ಲ. ಹಿಂದಿನಿಂದ ಗಿಣಿ ಎತ್ತಿಕೊಟ್ಟಳು. ಅಂಥದ್ದು ಮೂರು ನಾಲ್ಕು ಕಡೆ ಆಯಿತು. ಯಾರು ಕೇಳಿದರು ಇವಳನ್ನು?

ಸ್ಟೇಷನ್ನಿನಲ್ಲಿ ದಂತವೈದ್ಯ, "ಎರಡು ದಿನ ಆ ಕಡೆ ಅಗೀಬೇಡಿ" ಎಂದಷ್ಟೇ ಹೇಳಿದ. ಗಿಣಿ, "ಕ್ಷಮಿಸು ಅಂತ ಕೇಳಲ್ಲ" ಎಂದಳು.

"ಕೇಳ್ಬೇಡ. ಕೇಳಿದ್ರೂ ಕ್ಷಮಿಸಲ್ಲ" ಎಂದೆ.

ಮಾಡಬೇಕೆಂದದ್ದನ್ನು ಮಾಡಿ ಮುಗಿಸಿದೆ. ಗಂಟಲು ಕಟ್ಟಿದೆ. ತುಂಬ ಹಸಿವು.

ನವೆಂಬರ್ 17, ಸೋಮವಾರ

ಗೆದ್ದೆ. ಕೆಲಸಕ್ಕೆ ಹೋದೆ. "ಊರು ಹೇಗಿತ್ತು?" ಎಂದು ಅತ್ತಿಗೆ ಒಂದು ಮಾತು ಕೇಳಿದ್ದಕ್ಕೆ ಊಟ ಮುಗಿಯುವವರೆಗೆ ಮಾತಾಡಿದೆನಂತೆ. ಅಣ್ಣ ನನ್ನನ್ನೇ ನೋಡುತ್ತಿದ್ದ.

ನವೆಂಬರ್ 20, ಗುರುವಾರ

ಮಾಲೀಕರು ಕರೆದು ಒಂದು ಕಾಗದ ತೋರಿಸಿದರು. ಗಿಣಿ ಪ್ರಕಾಶಕರಿಗೆ ಬರೆದದ್ದು. ಅವರು ಒಪ್ಪಿ ಇಲ್ಲಿಗೆ ಕಳಿಸಿದ್ದಾರೆ. ಪುಸ್ತಕ ನಿಜವಾಗಿ ಬರೆದವಳು ಆ ಅಚ್ಚುಕೂಟದಲ್ಲಿ ಕರಡು ತಿದ್ದುವವಳು; ಹೆಸರಿನ ಪುಟದಲ್ಲಿ ಅವಳು ಹೇಗೆ ಗುರುತು ಹಾಕುತ್ತಾಳೋ ಹಾಗೇ ಅಚ್ಚಾಗಲಿ; ನನ್ನ ಹೆಸರು ತೆಗೆದರೂ ತಕರಾರಿಲ್ಲ.

"ಇಪ್ಪತ್ತೊಂದು ವರ್ಷ ಇಲ್ಲಿ ಕೂತಿದ್ದೀರ, ಒಂದು ಸಲ ಬಾಯಿ ಬಿಟ್ಟಿಲ್ಲವಲ್ಲಮ್ಮ ನೀವು!" ಎಂದರು ಮಾಲೀಕರು.

ಅದೇ ಅಂಚೆಯಲ್ಲಿ ಒಂದು ಪೊಟ್ಟಣ. ಬಿಚ್ಚಿದರೆ ನನ್ನ ಎರಡು ನೋಟ್‌ಬುಕ್. ಮೂಲೆ ಮಡಿಸಿಲ್ಲ, ಕಲೆ ಬಿದ್ದಿಲ್ಲ. ಕಾಗದದ ಹೊದಿಕೆ ಹಾಕಿ ಇಟ್ಟಿದ್ದಾಳೆ.

ಒಳ್ಳೆಯದಾಯಿತು. ಸಾಲು ಸಾಲು ಹೋಲಿಸಿ, ಅವಳು ಎಷ್ಟು ಕದ್ದಿದ್ದಾಳೆ ಎಂದು ಕೆಂಪು ಗೆರೆ ಎಳೆಯುತ್ತೇನೆ.

ನವೆಂಬರ್ 22, ಶನಿವಾರ

ಇಡೀ ದಿನ ಕೂತೆ. ಕಲ್ಲು, ಗೋಡೆ, ಅಳತೆ, ಬಿಸಿಲು, ಇದೆಲ್ಲ ನನ್ನದೇ, ಅಕ್ಷರಕ್ಷರ. ಕೆಂಪು ಗೆರೆ ಎಳೆಯುತ್ತ ಹೋದೆ. ಜನ ಬರುವ ಪುಟಗಳಿಗೆ ಬಂದಾಗ ನನ್ನ ಇರುವೆಯ ಅಕ್ಷರದಲ್ಲೇ, ಅಂಚಿನಲ್ಲಿ, ಹೀಗಿತ್ತು: 'ಗಿ. ಕೇಳಿದ್ದಕ್ಕೆ ಬೀಗದ ಅಜ್ಜಿ ಹೇಳಿದ್ದು.' 'ಗಿ. ಒಳಗೆ ಹೋಗಿ ಕರೆತಂದ ನೇಕಾರ.' 'ಮುದುಕ ಬೈದು ಕಳಿಸಿದ. ಗಿ. ಮತ್ತೆ ಹೋದಳು, ನಾನು ಹೊರಗೆ ನಿಂತೆ.' ಎರಡನೆಯ ನೋಟ್‌ಬುಕ್ಕಿನಲ್ಲಿ 'ಗಿ.' ಇಲ್ಲದ ಪುಟವೇ ಅಪರೂಪ.

ನಾನು ಬರೆಯದಿದ್ದರೆ ಅದೆಲ್ಲ ಗಾಳಿಗೆ ಹೋಗುತ್ತಿತ್ತು. ಅವಳು ಕೇಳದೇ ಇದ್ದಿದ್ದರೆ

ಈ ವಾಕ್ಯ ಮುಗಿಸುವುದಿಲ್ಲ.

ನವೆಂಬರ್ 24, ಸೋಮವಾರ

ನಲವತ್ತೊಂದನೆಯ ಪುಟ ಹೊಸದಾಗಿ ಬರೆದೆ. ಎತ್ತರಿಸಿದ ನೆಲದ ವಿಷಯ ಮೊದಲು. ಕಲ್ಲುಕುಟಿಗನ ಕಥೆಯನ್ನು ಕಿತ್ತು ಬಿಸಾಡಬೇಕೆಂದೇ ಕೂತಿದ್ದೆ. ಆ ಹುಡುಗಿ ಕಲ್ಲು ಸವರಿದ್ದು ನೆನಪಾಯಿತು. 'ಇದು ಕಟ್ಟಿದ ಕಥೆ, ಕಟ್ಟಿದವಳು ಹಸಿದಿದ್ದಳು' ಎಂದು ಸೇರಿಸಿ ಬಿಟ್ಟಿದ್ದೇನೆ. ಹೊಸದಾಗಿ ಬರೆದು ಎಷ್ಟು ಕಾಲವಾಗಿತ್ತು! ಮಧ್ಯಾಹ್ನದ ಚಹಾ ಆರಿಹೋದದ್ದು ತಿಳಿಯಲೇ ಇಲ್ಲ.

ನವೆಂಬರ್ 26, ಬುಧವಾರ

ಹೆಸರಿನ ಪುಟ.

ಅವಳ ಹೆಸರಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಎಳೆದೆ. ಮೇಲೆ ನನ್ನ ಹೆಸರು ಬರೆದೆ. ಈ ಕೆಲಸಕ್ಕೆ ಸೇರಿದ ಮೇಲೆ ಪ್ರೂಫಿನ ಮೇಲೆ ನನ್ನ ಹೆಸರು ಬರೆದದ್ದು ಇದೇ ಮೊದಲು. ನೋಡುತ್ತ ಕೂತೆ. ತುಂಬ ಚೆನ್ನಾಗಿತ್ತು.

ಅಳಿಸಿದ್ದನ್ನು ಮತ್ತೆ ಉಳಿಸಬೇಕಾದರೆ ನಾವು ಕೆಳಗೆ ಚುಕ್ಕೆಗಳನ್ನಿಟ್ಟು, ಅಂಚಿನಲ್ಲಿ 'ಇರಲಿ' ಎಂದು ಬರೆಯುತ್ತೇವೆ. ಊಟಕ್ಕೆ ಏಳುವ ಮೊದಲು ಅವಳ ಹೆಸರಿನ ಕೆಳಗೆ ಚುಕ್ಕೆ ಇಟ್ಟೆ. 'ಇರಲಿ' ಎಂದು ಬರೆದೆ. ಪ್ರೀತಿಯಿಂದಲ್ಲ. ತಪ್ಪಿರುವ ಪುಟ ನನ್ನ ಕೈಯಿಂದ ಅಚ್ಚಿಗೆ ಹೋದದ್ದಿಲ್ಲ, ಅದಕ್ಕೆ.

ಆದರೆ ಸುಮ್ಮನೆ ಬಿಡಲೂ ಇಲ್ಲ. ನನ್ನ ಹೆಸರು ಹದಿನೆಂಟು ಪಾಯಿಂಟ್, ಅವಳದ್ದು ಹದಿನಾರು ಎಂದು ಪಕ್ಕದಲ್ಲಿ ಗುರುತು ಹಾಕಿದೆ. ಪುಟ ಕೂರಿಸುವವನು ಎದ್ದು ಬಂದು, "ಎರಡೂ ಒಂದೇ ಸೈಜ್ ಇರ್ಬೇಕಲ್ವಾ ಅಕ್ಕಾ? ಬರೆಯುವಾಗ ತಪ್ಪಾಯ್ತಾ?" ಎಂದು ಕೇಳಿದ.

"ತಪ್ಪಾಗಿಲ್ಲ. ಹಾಗೇ ಹಾಕು" ಎಂದೆ.

ಡಿಸೆಂಬರ್ 7, ಭಾನುವಾರ

ಪುಸ್ತಕ ತಲುಪಿತೆಂದು ಗಿಣಿ ಫೋನ್ ಮಾಡಿದಳು. ಅಂದಿನಿಂದ ಇದೇ ಮೊದಲ ಮಾತು. ಬೀಗದ ಅಜ್ಜಿ ಕೇಳಿದಳಂತೆ, ಮೂಗಿ ಮತ್ತೆ ಯಾವಾಗ ಬರುತ್ತಾಳೆ ಎಂದು. ನಡಿಗೆಗೆ ಬರುವವರೂ ಕೇಳುತ್ತಿದ್ದಾರಂತೆ. ನೋಡೋಣ ಎಂದೆ.

"ನನ್ನ ಹೆಸರು ಚಿಕ್ಕದು ಮಾಡಿದ್ದೀಯಲ್ಲೇ?"

"ಕಣ್ಣಿಗೆ ಬಿತ್ತಾ?"

"ಸ್ಕೇಲ್ ಇಟ್ಟು ನೋಡ್ದೆ."

"ಕಣ್ಣಿಗೆ ಬೀಳ್ಲಿ ಅಂತಲೇ ಮಾಡಿದ್ದು."

ಆ ಕಡೆ ಪುಟ ಮಗುಚಿದ ಸದ್ದು ಕೇಳಿಸಿತು. ಆಮೇಲೆ ಕೇಳಿದಳು:

"ಸಾಕಾ ನಿನಗೆ ಅಷ್ಟು?"

"ಈ ಮುದ್ರಣಕ್ಕೆ ಸಾಕು" ಎಂದೆ.